ತಪ್ಪಲ್ಲ ಕಣೋ, ಔಟು

ಆ ಹುಡುಗಿಗೆ ನಾಲ್ಕು ವರ್ಷ ಇರಬಹುದು. ಎರಡು ಜುಟ್ಟು, ಅದರಲ್ಲೊಂದು ಬಿಚ್ಚಿಹೋಗಿತ್ತು. ಮೂಗು ಸೋರುತ್ತಿತ್ತು. ನನ್ನ ಮಗನ ಕೋಟಿನ ತೋಳು ಹಿಡಿದು ಎಳೆದು, "ತಪ್ಪಲ್ಲ ಕಣೋ, ಔಟು" ಅಂದಳು. ಅಂದವಳೇ ಆಟಕ್ಕೆ ಓಡಿಹೋದಳು. ಅವಳಿಗೆ ಆವತ್ತೇ ಮರೆತುಹೋಗಿರುತ್ತದೆ. ನನಗೆ ಮಾತ್ರ ಶುಕ್ರವಾರದಿಂದ ಇದೇ ಆಗಿದೆ. ಪಾತ್ರೆ ತೊಳೆಯುವಾಗ ಅದೇ ಮಾತು, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಅದೇ ಮಾತು.

ಮಾವನವರ ವರ್ಷದ ತಿಥಿ ಗುರುವಾರ ಬಿತ್ತು. ಮಾರನೇ ದಿನ ನವೆಂಬರ್ 14. ಮಕ್ಕಳ ದಿನಕ್ಕೆ ನೆಹರೂ ವೇಷ ಹಾಕಿ ಕಳಿಸಿ ಅಂತ ಮಗನ ಯುಕೆಜಿಯಿಂದ ಹದಿನೈದು ದಿನ ಮೊದಲೇ ಮೆಸೇಜ್ ಬಂದಿತ್ತು. ಕೋಟು, ಟೋಪಿ, ಬಟ್ಟೆಯ ಗುಲಾಬಿ, ಎಲ್ಲ ಬಾಡಿಗೆಗೆ ತಂದಾಗಿತ್ತು. ಐನೂರು ರೂಪಾಯಿ ಅಡ್ವಾನ್ಸ್ ಬೇರೆ. ತಿಥಿ ಬಿಡೋಕಾಗಲ್ಲ, ಬಾಡಿಗೆ ದಂಡ ಮಾಡೋಕೆ ಮನಸ್ಸಿಲ್ಲ. ಕೋಟನ್ನೂ ಚೀಲಕ್ಕೆ ತುರುಕಿಕೊಂಡು ಶಿರಾ ಬಸ್ಸು ಹತ್ತಿದೆವು.

ಶುಕ್ರವಾರ ಬೆಳಗ್ಗೆ ನಾನು ಆ ಕೋಟು ನೋಡಿ ನಿಟ್ಟುಸಿರು ಬಿಡುತ್ತಿದ್ದರೆ ಅತ್ತೆ, "ಪಕ್ಕದಾಗೇ ಅಂಗನವಾಡಿ ಐತೆ. ಅಲ್ಲೂ ಮಕ್ಕಳ ದಿನ ಮಾಡ್ತಾರೆ. ಅಲ್ಲಿಗೇ ಹಾಕ್ಕೊಂಡು ಹೋಗ್ಲಿ ಬಿಡು" ಅಂದರು. ನಮ್ಮತ್ತೆಗೆ ದೊಡ್ಡ ಸಮಸ್ಯೆ ಅಂತ ಯಾವುದೂ ಇಲ್ಲ. ನಾನು ಎರಡು ದಿನ ಯೋಚಿಸಿದ್ದನ್ನು ಅವರು ಕಡ್ಲೆಕಾಯಿ ಬಿಡಿಸುತ್ತಾ ಮುಗಿಸುತ್ತಾರೆ. ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ವಿಷಯವೂ ಹೌದು.

ಹೋದೆವು. ಒಂದು ಕೋಣೆ, ಅದಕ್ಕಂಟಿದ ಅಡುಗೆಮನೆ. ಗೋಡೆ ಮೇಲೆ ಬಣ್ಣ ಮಾಸಿದ ಆನೆ, ನವಿಲು. ಮೂಲೆಯಲ್ಲಿ ತೂಕ ಹಾಕುವ ಯಂತ್ರ. ಆಯಮ್ಮ ಹಾಲಿನ ಪುಡಿ ಕದಡಿ ಹಾಲು ಕಾಯಿಸುತ್ತಿದ್ದರು. ಪಕ್ಕದ ಒಲೆಯಲ್ಲಿ ಕೇಸರಿಬಾತಿಗೆ ರವೆ ಹುರಿಯುತ್ತಿತ್ತು, ಹಬ್ಬ ಅಲ್ವಾ. ಬಾಗಿಲಲ್ಲಿ ನಿಂತ ನೆಹರೂ ಅವರನ್ನು ಹದಿನಾಲ್ಕು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು. ಒಬ್ಬ ಹುಡುಗ "ಮಿಸ್, ಮದುವೆ ಗಂಡು!" ಅಂತ ಕೂಗಿದ.

ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಮಕ್ಕಳು ಚಾಪೆ ಮೇಲೆ ಕಾಳು ಬೇರೆ ಮಾಡುತ್ತಾ ಕೂತಿದ್ದವು. ಹುರುಳಿ, ತೊಗರಿ, ಅಲಸಂದೆ, ಕಡ್ಲೆಬೀಜ, ಬಟಾಣಿ, ಎಲ್ಲ ಕಲಸಿದ ಒಂದೊಂದು ತಟ್ಟೆ. ನನ್ನ ಮಗನನ್ನೂ ಕೂರಿಸಿದರು. ಒಬ್ಬ ಹುಡುಗ ಐದು ಗುಡ್ಡೆ ಮಾಡುವ ಬದಲು ಎರಡೇ ಮಾಡಿದ್ದ. ಒಂದರಲ್ಲಿ ಬರೀ ಬಟಾಣಿ. ಇನ್ನೊಂದರಲ್ಲಿ ಉಳಿದದ್ದೆಲ್ಲ. ಪಾಪ, ಗೊತ್ತಾಗಿಲ್ಲ ಅಂದುಕೊಂಡೆ. ಟೀಚರ್ ಬಗ್ಗಿ, "ಇದೇನೋ ಹಿಂಗೆ ಮಾಡಿದೀಯ?" ಅಂದರು. "ಇವೆಲ್ಲ ನಮ್ಮ ಹೊಲದಾಗೆ ಬೆಳೆಯೋವು. ಇದು ಅಂಗಡೀದು" ಅಂದ. ಟೀಚರ್ ಒಂದು ಕ್ಷಣ ತಟ್ಟೆ ನೋಡಿದರು. "ಹೌದಲ್ಲೋ!" ಅಂದು ಮುಂದಿನ ಮಗುವಿನ ಕಡೆ ಹೋದರು. ತಿದ್ದಲಿಲ್ಲ. ಹೊಗಳಲೂ ಇಲ್ಲ. ನಿಜವಾಗಿಯೂ ಆಶ್ಚರ್ಯ ಆದವರ ಹಾಗೆ ಹೌದಲ್ಲೋ ಅಂದರು, ಅಷ್ಟೇ.

ನನ್ನ ಮಗ ಸರಿಯಾಗಿ ಐದು ಗುಡ್ಡೆ ಮಾಡಿದ. ಒಂದೂ ತಪ್ಪಿಲ್ಲ. ಆದರೆ ಪ್ರತಿ ಕಾಳು ಇಡುವಾಗಲೂ ತಲೆ ಎತ್ತಿ ನನ್ನ ಮುಖ ನೋಡಿದ. "ಅಮ್ಮ, ಇದು ಸರಿನಾ? ಇದು?" ಅಂತ ಕೇಳುತ್ತಲೇ ಇದ್ದ. ಮನೆಯಲ್ಲಿ ದಿನಾ ಕೇಳುತ್ತಾನೆ. ಅಲ್ಲಿ ಅದು ಕಿವಿಗೆ ಬೀಳುವುದೇ ಇಲ್ಲ, ಫ್ಯಾನಿನ ಸದ್ದಿನ ಹಾಗೆ. ಇಲ್ಲಿ ಬೇರೆ ಯಾವ ಮಗುವೂ ಕೇಳುತ್ತಿರಲಿಲ್ಲ. ಅದಕ್ಕೇ ಕೇಳಿಸಿತು.

ಆಮೇಲೆ ಹೊರಗೆ ಕೆರೆ-ದಡ. ಹೊಂಗೆ ಮರದ ಪಕ್ಕ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ. ಒಳಗೆ ಕೆರೆ, ಹೊರಗೆ ದಡ. ನಾವೂ ಆಡಿದ್ದೇ. "ಕೆರೆ" ಅಂದರೆ ಒಳಕ್ಕೆ ಹಾರಬೇಕು, "ದಡ" ಅಂದರೆ ಹೊರಕ್ಕೆ. ತಪ್ಪಿದವರು ಔಟು. ಔಟಾದವರು ಮರದ ಕೆಳಗೆ ಕೂತು ಆಡುವವರಿಗೆ ಚಪ್ಪಾಳೆ ಹೊಡೆಯಬೇಕು. ಆ ಆಟ ಮುಗಿದರೆ ಮತ್ತೆ ಎಲ್ಲರೂ ಒಳಗೆ. ಆ ಟೀಚರ್ ದನಿಯಲ್ಲಿ ಮೋಸ ಮಾಡುವುದರಲ್ಲಿ ಎತ್ತಿದ ಕೈ. "ಕೆರೆ... ದಡ... ಕೆರೆ... ಕೆರೆ!" ಎರಡನೇ ಕೆರೆಗೆ ಅರ್ಧ ಮಕ್ಕಳು ಹೊರಗೆ ಹಾರಿದ್ದವು. ಬಿದ್ದು ಎದ್ದು ನಗುತ್ತಾ ಮರದ ಕಡೆ ಓಡಿದವು. ಔಟಾದದ್ದಕ್ಕೇ ಜಾಸ್ತಿ ಖುಷಿ ಇದ್ದ ಹಾಗಿತ್ತು.

ನನ್ನ ಮಗನೂ ಹೊರಗೆ ಹಾರಿದ್ದ. ಹಾರಿದವನು ಅಲ್ಲೇ ಕಂಬದ ಹಾಗೆ ನಿಂತ. ಟೋಪಿ ಒಂದು ಕಡೆ ವಾಲಿತ್ತು. ಕೆಳತುಟಿ ನಡುಗುತ್ತಿತ್ತು. ನನ್ನ ಕಡೆ ತಿರುಗಿ, "ಅಮ್ಮಾ, ತಪ್ಪಾಯ್ತಾ?" ಅಂದ. ನಾನು ಏನು ಹೇಳಬೇಕೋ ಹುಡುಕುತ್ತಿದ್ದೆ. ಇಲ್ಲ ಅಂದರೆ ಸುಳ್ಳು, ಹೌದು ಅಂದರೆ ಅಳು. ಅಷ್ಟರಲ್ಲಿ ಅವಳೂ ಔಟಾಗಿ ಮರದ ಕಡೆ ಹೊರಟಿದ್ದಳಲ್ಲ, ಜುಟ್ಟಿನವಳು, ಅವನ ತೋಳು ಹಿಡಿದು ಎಳೆದಳು.

"ತಪ್ಪಲ್ಲ ಕಣೋ, ಔಟು. ಬಾ ಚಪ್ಪಾಳೆ ಹೊಡಿಯಾನ."

ಬಿ.ಎಡ್ ಮಾಡಿದವಳು ನಾನು. ಮಕ್ಕಳ ಮನಸ್ಸಿನ ಬಗ್ಗೆ ಪರೀಕ್ಷೆ ಬರೆದು ಪಾಸಾಗಿದ್ದೇನೆ. ತಪ್ಪಿಗೂ ಔಟಿಗೂ ಇರುವ ವ್ಯತ್ಯಾಸ ಅಲ್ಲಿ ಯಾರೂ ಹೇಳಿರಲಿಲ್ಲ. ಔಟಾದರೆ ಹತ್ತು ಹೆಜ್ಜೆ ನಡೆದು ನೆರಳಲ್ಲಿ ಕೂರಬೇಕು. ಅಲ್ಲಿ ಜೊತೆಗೆ ಇನ್ನೂ ಆರು ಜನ ಇರುತ್ತಾರೆ. ಎರಡು ನಿಮಿಷಕ್ಕೆ ವಾಪಸ್. ತಪ್ಪಾದರೆ? ಕೆಂಪು ಪೆನ್ನಿನ ಸುತ್ತು. ಐದು ಸಲ ಮತ್ತೆ ಬರಿ. ಡೈರಿಯಲ್ಲಿ ಸಹಿ. ಅದರ ಜೊತೆಗೆ ಯಾರೂ ಇರುವುದಿಲ್ಲ, ಒಬ್ಬನೇ.

ಕೆಂಪು ಪೆನ್ನು ಶಾಲೆಯದ್ದು ಅಂತ ದೂರುವುದು ಸುಲಭ. ಆದರೆ ರಬ್ಬರ್ ನನ್ನದು. ಹೋದ ವಾರ ಅವನು ಇಂಗ್ಲಿಷಿನ ಸಣ್ಣ ಬಿ ಬರೆಯಲು ಹೋಗಿ ಡಿ ಬರೆಯುತ್ತಿದ್ದ. ಅಳಿಸಿದೆ. ಮತ್ತೆ ಡಿ. ಮತ್ತೆ ಅಳಿಸಿದೆ. ಹಾಳೆ ಹರಿಯುವವರೆಗೂ ಅಳಿಸಿದ್ದೇನೆ. ಐದೂವರೆ ವರ್ಷದ ಹುಡುಗ. ಆ ವಯಸ್ಸಲ್ಲಿ ಅಕ್ಷರ ತಿರುಗುಮುರುಗಾಗುವುದು ಸಹಜ ಅಂತ ನನಗೇ ಗೊತ್ತು, ಅದನ್ನೂ ಓದಿದ್ದೇನೆ.

ಕಾರ್ಯಕ್ರಮದ ವಿಷಯ ಹೇಳಿಬಿಡುತ್ತೇನೆ, ಜಾಸ್ತಿ ಏನಿಲ್ಲ. ಒಬ್ಬಳು ಬದನೆಕಾಯಿ, ಒಬ್ಬಳು ಓಬವ್ವ, ಕೈಯಲ್ಲಿ ಒನಕೆಗೆ ಬದಲು ಲಟ್ಟಣಿಗೆ. ಪಂಚಾಯ್ತಿ ಸದಸ್ಯರೊಬ್ಬರು ಇಂದಿನ ಮಕ್ಕಳೇ ನಾಳಿನ ಪ್ರಜೆಗಳು ಅಂತ ಇಪ್ಪತ್ತು ನಿಮಿಷ ಮಾತಾಡಿದರು. ನಾಳಿನ ಪ್ರಜೆಗಳಲ್ಲಿ ಇಬ್ಬರು ಮಲಗಿದರು, ಒಬ್ಬ ಒಂದಕ್ಕೆ ಅಂತ ಎದ್ದು ನಿಂತ. ಅಷ್ಟೊತ್ತಿಗೆ ಮೇಲಧಿಕಾರಿಯೊಬ್ಬರು ಬಂದರು. ಬಂದವರು ಮಕ್ಕಳನ್ನು ಮಾತಾಡಿಸಲಿಲ್ಲ, ಸೀದಾ ಫೋನ್ ತೆಗೆದರು. ನನ್ನ ಮಗನನ್ನು ನೋಡಿ ಕಣ್ಣು ಅರಳಿತು. "ಅರೆ, ಎಷ್ಟು ಚೆನ್ನಾಗಿದೆ ಡ್ರೆಸ್ಸು, ಈ ಮಗು ಮಧ್ಯ ಬರ್ಲಿ." ಮಧ್ಯದಲ್ಲಿ ಇದ್ದದ್ದು ಜುಟ್ಟಿನವಳು. ಅವಳ ಹೆಗಲು ಹಿಡಿದು ಹಿಂದಕ್ಕೆ ಸರಿಸಿದರು. "ಮೂಗು ಒರೆಸಬಾರದಾ ಟೀಚರ್" ಅಂತ ಒಂದು ಮಾತು ಬೇರೆ. ಇಡೀ ವರ್ಷದಲ್ಲಿ ಆ ಅಂಗನವಾಡಿಗೆ ಒಂದೇ ದಿನ ಬಂದ ನನ್ನ ಮಗ ಫೋಟೋದ ನಡುವೆ. ಆ ಹೆಂಗಸಿನ ಮೇಲೆ ನನಗೆ ಇನ್ನೂ ಕೋಪ ಇದೆ. ಆದರೆ ಆಗ ನಾನು ಸುಮ್ನೆ ನಿಂತಿದ್ದೆ. ಸುಮ್ನೆ ಏನು, ನನ್ನ ಫೋನಿನಲ್ಲೂ ಒಂದು ತೆಗೆದುಕೊಂಡೆ. ಅದರಲ್ಲಿ ಅವಳ ಬಿಚ್ಚಿದ ಜುಟ್ಟು ಮಾತ್ರ ಕಾಣುತ್ತದೆ.

ಎಲ್ಲರೂ ಹೋದ ಮೇಲೆ ಕೇಸರಿಬಾತ್ ತಿನ್ನುತ್ತಾ ಟೀಚರ್ ಹತ್ತಿರ ಕೇಳಿದೆ, "ಓದು ಬರಹ ಎಲ್ಲ ಯಾವಾಗ ಮಾಡಿಸ್ತೀರಾ?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರಿಗೆ ಇದು ಹೊಸದಲ್ಲ. "ಬೆಳಗ್ಗಿಂದ ಮಾಡಿಸಿದ್ದೇನಮ್ಮ ಮತ್ತೆ?" ಅಂದರು. ಕಿವಿಗೆ ಬಿದ್ದ ಮಾತು ಕಾಲಿಗೆ ಹೋಗಬೇಕು, ಹಾರಬೇಕು ಅನಿಸಿದರೂ ಕಾಲು ತಡೀಬೇಕು, ಅದಿಲ್ಲದೆ ಪೆನ್ಸಿಲ್ ಹಿಡಿದು ಏನು ಮಾಡ್ತಾರೆ ಅಂದರು. ಕಪಾಟಿನಿಂದ 'ಚಿಲಿಪಿಲಿ' ಪುಸ್ತಕ ತೆಗೆದು ತೋರಿಸಿದರು, ಮಕ್ಕಳಿಗೆ ಏನೇನು ಮಾಡಿಸಬೇಕು ಅಂತ ಅದರಲ್ಲಿದೆ. ಪುಟದ ಅಂಚೆಲ್ಲ ಅವರದೇ ಅಕ್ಷರದಲ್ಲಿ ತುಂಬಿತ್ತು. ಇಪ್ಪತ್ತೆಂಟು ವರ್ಷದ ಸರ್ವಿಸ್ ಅಂತೆ. "ಈ ಅಕ್ಟೋಬರ್ 2ಕ್ಕೆ ನಮ್ಮ ಅಂಗನವಾಡಿ ಯೋಜನೆಗೆ ಐವತ್ತು ತುಂಬ್ತು ನೋಡಿ. 1975ರಲ್ಲಿ ದೇಶಕ್ಕೆಲ್ಲ 33 ಕಡೆ ಶುರು ಮಾಡಿದ್ರಂತೆ. ನಮ್ಮ ರಾಜ್ಯದಲ್ಲಿ ಟಿ. ನರಸೀಪುರ. ಐವತ್ತು ವರ್ಷ ಆದ್ರೂ ನಮ್ಮದು ಸಂಬಳ ಅನ್ನಂಗಿಲ್ಲ, ಗೌರವಧನ." ಗೌರವ ಅನ್ನುವಲ್ಲಿ ಸ್ವಲ್ಪ ಎಳೆದು ನಕ್ಕರು.

ಅವರ ಚಿಂತೆ ಬೇರೆಯೇ ಇತ್ತು. ಬೆಳಗ್ಗೆ ಎಂಟಕ್ಕೆ ಖಾಸಗಿ ಶಾಲೆಯ ವ್ಯಾನು ಇದೇ ಗೇಟಿನ ಮುಂದೆ ನಿಲ್ಲುತ್ತದೆ. ಹೋದ ವರ್ಷ ಇಪ್ಪತ್ತೆರಡು ಮಕ್ಕಳಿದ್ದವು, ಈಗ ಹದಿನಾಲ್ಕು. ಉಳಿದ ತಾಯಂದಿರೂ ಎಬಿಸಿಡಿ ಬರೆಸಿ ಅಂತಾರೆ. ಇದರ ಜೊತೆಗೆ ಗರ್ಭಿಣಿಯರ ಲೆಕ್ಕ, ಬಾಣಂತಿಯರ ಲೆಕ್ಕ, ಮಕ್ಕಳ ತೂಕ ಎತ್ತರ, ಎಲ್ಲ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹತ್ತಿಸಬೇಕು. ಊರಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ.

ಎಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಶೌಚಾಲಯದ ನಲ್ಲಿಯಲ್ಲಿ ನೀರಿರಲಿಲ್ಲ. ಇಲಾಖೆ ಕೊಟ್ಟ ಆಟದ ಸಾಮಾನಿನ ಡಬ್ಬ ಪ್ಲಾಸ್ಟಿಕ್ ಹೊದಿಕೆ ಸಮೇತ ಬೀರುವಿನಲ್ಲಿತ್ತು, ಬೀಗ ಬೇರೆ. "ಕಳೆದ್ರೆ ನಾವೇ ಕಟ್ಟಿಕೊಡಬೇಕಲ್ಲಮ್ಮ" ಅಂದರು. ಕಾಳು, ರಂಗೋಲಿ ಪುಡಿ, ಹೊಂಗೆ ಎಲೆಗೆ ಲೆಕ್ಕ ಕೊಡಬೇಕಿಲ್ಲ, ಅದಕ್ಕೇ ಅವುಗಳಲ್ಲಿ ಆಡಿಸುತ್ತಾರೋ ಏನೋ. ನಿನ್ನ ಮಗನನ್ನು ಅಂಗನವಾಡಿಗೆ ಕಳಿಸ್ತಿದ್ಯಾ ಅಂತ ನೀವು ಕೇಳಿದರೆ ನನ್ನ ಉತ್ತರ ಇಲ್ಲ ಅಂತಲೇ. ಆ ವ್ಯಾನು ಹತ್ತಿಸುವ ತಾಯಂದಿರ ಸಾಲಿನಲ್ಲಿ ನಾನೂ ಇದ್ದೇನೆ. ನಮ್ಮ ವ್ಯಾನು ಬೆಂಗಳೂರಿನದ್ದು, ಅಷ್ಟೇ ವ್ಯತ್ಯಾಸ.

ವಾಪಸ್ ಬರುವಾಗ ಮಗ ತೊಡೆ ಮೇಲೆ ಮಲಗಿದ್ದ. ತಾರಾಬಾಯಿ ಮೋಡಕ್ ನೆನಪಾದರು. ಬಿ.ಎಡ್‌ನಲ್ಲಿ ಓದಿದ್ದು, ಎರಡು ಅಂಕದ ಪ್ರಶ್ನೆ. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಬಾಲವಾಡಿ ಶುರು ಮಾಡಿದವರು. ಬಡವರ ಮಕ್ಕಳು ಬಾಲವಾಡಿಗೆ ಬರುತ್ತಿರಲಿಲ್ಲ. ಬರದಿದ್ದರೆ ಏನಂತೆ, ನಾವೇ ಹೋಗೋಣ ಅಂತ ಅವರ ಅಂಗಳಕ್ಕೇ ಹೋಗಿ ಮಕ್ಕಳನ್ನು ಸೇರಿಸಿ ಆಡಿಸಿದರು. ಅಂಗಳದಲ್ಲಿ ನಡೆದದ್ದಕ್ಕೆ ಅಂಗನವಾಡಿ. ಆಗ ಎರಡು ಅಂಕಕ್ಕೆ ಉರು ಹೊಡೆದಿದ್ದೆ, ಪೂರ್ತಿ ಎರಡೂ ಬಂದಿತ್ತು. ಅವರು ಶಾಲೆಯನ್ನು ಅಂಗಳಕ್ಕೆ ತಂದರು. ನಾನೂ ಶಾಲೆಯನ್ನು ಊಟದ ಮೇಜಿನವರೆಗೆ ತಂದಿದ್ದೇನೆ, ರಬ್ಬರ್ ಸಮೇತ.

ಶನಿವಾರ ಕೋಟು ವಾಪಸ್ ಕೊಟ್ಟೆ. ಹಿಂಬದಿಗೆ ಕೆಮ್ಮಣ್ಣು ಹತ್ತಿತ್ತು. ಅಂಗಡಿಯವನು ಡ್ರೈಕ್ಲೀನಿಂಗ್‌ಗೆ ಅಂತ ನೂರೈವತ್ತು ಮುರಿದುಕೊಂಡ. ಸ್ಟೇಜ್ ಮೇಲೆ ಹಾಕೋ ಕೋಟು ಮೇಡಂ, ಇದರಲ್ಲಿ ಉರುಳಾಡಿಸ್ತಾರಾ ಅಂದ.

ನಿನ್ನೆ ಸಂಜೆ ಹೋಂವರ್ಕ್. ಒಂದು ಪುಟ ಸಣ್ಣ ಬಿ. ಎರಡು ಸಾಲು ಚೆನ್ನಾಗಿ ಬಂತು. ಮೂರನೇ ಸಾಲಲ್ಲಿ ಹೊಟ್ಟೆ ಆ ಕಡೆ ತಿರುಗಿತು. ನಾನು ಏನೂ ಹೇಳಲಿಲ್ಲ, ದೇವರಾಣೆ. ಆದರೆ ಕೈ ತಾನಾಗೇ ರಬ್ಬರ್ ತೆಗೆದುಕೊಂಡಿತ್ತು. ಅವನು ರಬ್ಬರ್ ನೋಡಿದ. ಪೆನ್ಸಿಲ್ ಇಟ್ಟ. "ಔಟ್" ಅಂದ. ಎದ್ದು ಹೋಗಿ ಕಿಟಕಿ ಕೆಳಗೆ ಕಾಲು ಚಾಚಿ ಕೂತು ಚಪ್ಪಾಳೆ ಹೊಡೆಯತೊಡಗಿದ.

ನಗು ಬಂತು, ಜೊತೆಗೆ ನಾಳೆ ಡೈರಿಯಲ್ಲಿ ಏನು ಬರುತ್ತದೋ ಅಂತಲೂ ಅನಿಸಿತು.

"ಯಾರಿಗೋ ಚಪ್ಪಾಳೆ?" ಅಂದೆ.

"ಆಡ್ತಾ ಇರೋರಿಗೆ" ಅಂದ.

ಅಲ್ಲಿ ಇದ್ದವಳು ನಾನೊಬ್ಬಳೇ, ಕೈಯಲ್ಲಿ ರಬ್ಬರ್ ಹಿಡಿದುಕೊಂಡು.