ರಿಜಿಸ್ಟರಿನಲ್ಲಿ ಇಲ್ಲದ ಫೋಟೊಗಳು, ಟೇಪುಗಳು

ಹಳೆಯ ಮ್ಯೂಸಿಯಂಗಳ ಸ್ಟೋರ್‌ರೂಮಿನಲ್ಲಿ ಬೀರುವಿನ ತಳಕ್ಕೆ ಕೈ ಹಾಕಿದರೆ ಇಂಥದ್ದೊಂದು ಗಂಟು ಸಿಗುವುದು ಸಾಮಾನ್ಯ: ದಾರ ಸುತ್ತಿದ ಫೋಟೊಗಳು, ಲೇಬಲ್ ಉದುರಿದ ಸ್ಪೂಲ್ ಟೇಪುಗಳು, ಕವರಿಲ್ಲದ ಗ್ರಾಮಫೋನ್ ತಟ್ಟೆಗಳು. ಕೊಟ್ಟವರು ಯಾರು, ಬಂದದ್ದು ಯಾವಾಗ, ರಿಜಿಸ್ಟರಿನಲ್ಲಿ ಒಂದು ಸಾಲೂ ಇರುವುದಿಲ್ಲ. ಕೆಲಸಕ್ಕೆ ಕೂತವರು ಮೊದಲು ವಿಂಗಡಿಸಲು ಶುರು ಮಾಡುತ್ತಾರೆ: ಮದುವೆಯದ್ದು ಇತ್ತ, ದೇವಸ್ಥಾನದ್ದು ಅತ್ತ. ಅಲ್ಲಿಗೆ ಅರ್ಧ ಪುರಾವೆ ಹೋಯಿತು.

ದಯವಿಟ್ಟು ಗಂಟು ಬಿಚ್ಚುವ ಮುಂಚೆ ಅದು ಇದ್ದ ಹಾಗೆಯೇ ಫೋಟೊ ತೆಗೆಯಿರಿ. ಒಟ್ಟಿಗೆ ಇದ್ದವು ಒಂದೇ ಕಡೆಯಿಂದ ಬಂದಿರುವ ಸಾಧ್ಯತೆ ಹೆಚ್ಚು. ಒಂದರ ಹಿಂದೆ ಊರಿನ ಹೆಸರು ಸಿಕ್ಕರೆ ಉಳಿದವಕ್ಕೂ ಅದೇ ದಾರಿ. ಸುತ್ತಿದ ಪತ್ರಿಕೆಯನ್ನೂ ಎಸೆಯಬೇಡಿ. ಅದರ ತಾರೀಖು ಗಂಟು ಕಟ್ಟಿದ್ದು ಯಾವತ್ತಿಗಿಂತ ಹಿಂದಲ್ಲ ಎಂಬುದನ್ನು ಹೇಳುತ್ತದೆ, ಅಷ್ಟೇ. ಫೋಟೊ ತೆಗೆದ ದಿನ ಅದಲ್ಲ.

ಸಂಖ್ಯೆ ಕೊಡುವಾಗ ಹೊಸ ಅಕ್ಸೆಷನ್ ನಂಬರ್ (ವಸ್ತುವನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳುವಾಗ ರಿಜಿಸ್ಟರಿನಲ್ಲಿ ಕೊಡುವ ಕಾಯಂ ಸಂಖ್ಯೆ) ಬೇಡ. ಹಳೆಯ ರಿಜಿಸ್ಟರಿನಲ್ಲಿ ಇದರ ನಿಜವಾದ ನಂಬರ್ ನಾಳೆ ಸಿಕ್ಕರೆ ಒಂದೇ ವಸ್ತುವಿಗೆ ಎರಡು ನಂಬರ್ ಆಗಿ ಗೋಜಲಾಗುತ್ತದೆ. ವರ್ಷ, ಗಂಟು, ಗಂಟಿನೊಳಗಿನ ಕ್ರಮ ಈ ಮೂರೂ ಇರುವ ತಾತ್ಕಾಲಿಕ ಸಂಖ್ಯೆ ಸಾಕು. ಫೋಟೊವನ್ನು ಶುಭ್ರವಾದ ಗಾಜಿನ ಮೇಲೆ ಬೋರಲು ಹಾಕಿ, ಹಿಂಬದಿಯ ಅಂಚಿನಲ್ಲಿ 2ಬಿ ಪೆನ್ಸಿಲ್ಲಿನಲ್ಲಿ ಒತ್ತದೆ ಬರೆಯಿರಿ. ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಅಂಥದ್ದಕ್ಕೆ ಲಕೋಟೆಯ ಮೇಲೆ ಬರೆದು ಆಮೇಲೆ ಫೋಟೊ ಒಳಗಿಡಿ. ಬಾಲ್‌ಪೆನ್, ರಬ್ಬರ್ ಸ್ಟ್ಯಾಂಪ್ ಮುಟ್ಟಲೇಬೇಡಿ.

ಫೋಟೊದ ಕಾಲ ಹುಡುಕುವಾಗ ಅದರ ಮುಖಕ್ಕಿಂತ ಬೆನ್ನನ್ನು ಮೊದಲು ನೋಡಬೇಕು. ಸ್ಟುಡಿಯೊ ಮೊಹರಿನಲ್ಲಿ ‘ಬೆಂಗಳೂರು-2’ ಎಂದಿದೆಯೋ, ‘560002’ ಎಂದಿದೆಯೋ? ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ಆರಂಕಿ ಇದ್ದರೆ ಪ್ರಿಂಟ್ ಅದಕ್ಕಿಂತ ಈಚಿನದು. ಇಲ್ಲದಿದ್ದರೆ ಏನೂ ಖಚಿತವಾಗದು, ಹಳೆಯ ಮೊಹರನ್ನೇ ಎಷ್ಟೋ ಕಾಲ ಒತ್ತಿದವರಿದ್ದಾರೆ. ಚಿತ್ರದೊಳಗೆ ‘ಮೈಸೂರು ರಾಜ್ಯ’ ಎಂಬ ಬೋರ್ಡಿದ್ದರೆ ಅದನ್ನು ಬರೆಸಿದ್ದು 1973ರ ನವೆಂಬರಿಗಿಂತ ಮೊದಲು. ಕತ್ತಲೆಯಲ್ಲಿ ಯುವಿ ಟಾರ್ಚ್ ಬಿಟ್ಟಾಗ ಕಾಗದ ನೀಲಿಬಿಳಿಯಾಗಿ ಹೊಳೆದರೆ ಅದರಲ್ಲಿ ಬಿಳುಪುಕಾರಕ ಸೇರಿದೆ, ಅಂದರೆ 1950ರ ದಶಕದಿಂದ ಈಚಿನ ಕಾಗದ. ಇವೆಲ್ಲ ಪ್ರಿಂಟಿನ ವಯಸ್ಸು. ನೆಗೆಟಿವ್ ಮೂವತ್ತು ವರ್ಷ ಹಿಂದಿನದೂ ಇರಬಹುದು. ಚಿತ್ರದ ಮೂಲೆಯಲ್ಲಿ ಬಿಳಿಯ ಸಣ್ಣ ಅಂಕಿ ಕಂಡರೆ ಖುಷಿಪಡಿ: ಬೋರ್ನ್ ಅಂಡ್ ಶೆಫರ್ಡ್‌ನಂಥ ಹಳೆಯ ಫೋಟೊ ಸ್ಟುಡಿಯೊದವರು ನೆಗೆಟಿವ್ ಮೇಲೆಯೇ ನಂಬರ್ ಬರೆಯುತ್ತಿದ್ದರು, ಅವರ ಕ್ಯಾಟಲಾಗಿನಲ್ಲಿ ಸ್ಥಳದ ಹೆಸರು ಸಿಗುತ್ತದೆ. ಮಂಗಳೂರು, ಧಾರವಾಡದ ಕಡೆಯದು ಅನ್ನಿಸಿದರೆ ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹವನ್ನು ಆನ್‌ಲೈನಿನಲ್ಲಿ ತಾಳೆ ನೋಡಿ.

ಧ್ವನಿಯ ವಿಷಯಕ್ಕೆ ಬಂದರೆ, 78ರ ತಟ್ಟೆಯ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆ) ಲೇಬಲ್ ಹರಿದಿದ್ದರೂ ಚಿಂತೆಯಿಲ್ಲ. ಗೆರೆಗಳು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಪಟ್ಟಿಯನ್ನು ಓರೆ ಬೆಳಕಿನಲ್ಲಿ ನೋಡಿ, ಮೇಟ್ರಿಕ್ಸ್ ನಂಬರ್, ಅಂದರೆ ಆ ಧ್ವನಿಮುದ್ರಣಕ್ಕೆ ಕಂಪನಿ ಕೊಟ್ಟ ಸಂಖ್ಯೆ, ಅಲ್ಲಿರುತ್ತದೆ. ಎಚ್‌ಎಂವಿ ತಟ್ಟೆಯಲ್ಲಿ ಅದರ ಪಕ್ಕ ಪುಟ್ಟ ತ್ರಿಕೋನವಿದ್ದರೆ ಅದು ವಿದ್ಯುತ್ ಮೈಕಿನ ಧ್ವನಿಮುದ್ರಣ, 1925ಕ್ಕಿಂತ ಹಿಂದಿನದಲ್ಲ. ಸ್ಪಿರಿಟ್ ಹಾಕಿ ಒರೆಸಬೇಡಿ, ತಟ್ಟೆಯಲ್ಲಿರುವ ಅರಗು ಕರಗುತ್ತದೆ. ಎಲ್‌ಪಿಯ ಸೂಜಿಯೂ ಬೇಡ: ಅದರ ತುದಿ ಸುಮಾರು 25 ಮೈಕ್ರಾನ್, ಇದಕ್ಕೆ ಬೇಕಾದ್ದು 75ರ ಆಸುಪಾಸು. ಸಣ್ಣ ಸೂಜಿ ಗೆರೆಯ ತಳದ ಧೂಳಿನಲ್ಲಿ ಉರುಳುತ್ತ ಬರೀ ಕರಕರ ಕೊಡುತ್ತದೆ. ಮತ್ತೆ, ಹಾಡು ಮುಗಿಯಿತೆಂದು ನಿಲ್ಲಿಸದೆ ಕೊನೆಯವರೆಗೂ ಬಿಡಿ. 1902ರ ತಟ್ಟೆಯಲ್ಲಿ ಗಾಯಕಿ ಗೌಹರ್ ಜಾನ್ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಾಳೆ (ಆಕೆ 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ). ಆ ಕಾಲದ ಬೇರೆ ಹಾಡುಗಾರರಲ್ಲೂ ಈ ರೂಢಿ ಇತ್ತು.

ಸ್ಪೂಲ್ ಟೇಪನ್ನು ನುಡಿಸುವ ಮುಂಚೆ ಸುರುಳಿಯನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಹಾದು ಬಂದರೆ ಟೇಪಿನ ಪ್ಲಾಸ್ಟಿಕ್ ಅಸಿಟೇಟ್, ಬರದಿದ್ದರೆ ಬಹುಮಟ್ಟಿಗೆ ಪಾಲಿಯೆಸ್ಟರ್. ನುಡಿಸುವಾಗ ಕೀಚ್ ಎಂದು ಕೂಗಿ ಹೆಡ್ ಮೇಲೆ ಕಂದು ಅಂಟು ಬಂದರೆ ಆ ಕ್ಷಣ ನಿಲ್ಲಿಸಿ. ಅಂಥ ಪಾಲಿಯೆಸ್ಟರ್ ಟೇಪನ್ನು ಲ್ಯಾಬ್ ಅವನ್‌ನಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಹೊತ್ತು ಕಾಯಿಸಿ ನುಡಿಸುವ ಪದ್ಧತಿ ಇದೆ. ಅಸಿಟೇಟ್ ಟೇಪನ್ನು ಹಾಗೆ ಕಾಯಿಸಿದರೆ ಹಾಳಾಗುತ್ತದೆ. ಅನುಭವ ಇಲ್ಲದವರು ಮಾಡಬಾರದ ಕೆಲಸ ಇದು.

ಟೇಪು ಸರಿಯಾದ ವೇಗದಲ್ಲಿ ಓಡುತ್ತಿದೆಯೇ ಎಂಬುದರ ಗುಟ್ಟು, ಧ್ವನಿಮುದ್ರಣದ ಹಿನ್ನೆಲೆಯಲ್ಲಿ ಕರೆಂಟಿನಿಂದ ಸೇರಿದ ‘ಹ್ಮ್’ ಸದ್ದಿನಲ್ಲಿದೆ. ನಮ್ಮ ಕರೆಂಟು 50 ಹರ್ಟ್ಸ್. ಸಾಫ್ಟ್‌ವೇರಿನ ಸ್ಪೆಕ್ಟ್ರಮ್‌ನಲ್ಲಿ ಆ ಗೆರೆ 25ಕ್ಕೆ ಕಂಡರೆ ನೀವು ಅರ್ಧ ವೇಗದಲ್ಲಿ ನುಡಿಸುತ್ತಿದ್ದೀರಿ. 48ಕ್ಕೆ ಕಂಡರೆ ಶೇ 4 ನಿಧಾನ, ಹಾಡುಗಾರರ ಶ್ರುತಿ ಅಷ್ಟು ಇಳಿದು ಕೇಳುತ್ತಿದೆ. ಬ್ಯಾಟರಿ ರೆಕಾರ್ಡರಿನದಾದರೆ ಈ ಸುಳಿವು ಸಿಗದು. ವೇಗ ತಿದ್ದಿದ್ದು ಬೇರೆ ಪ್ರತಿ. ಮೂಲ ಪ್ರತಿ 96 ಕಿಲೊಹರ್ಟ್ಸ್, 24 ಬಿಟ್ ವೇವ್ ಫೈಲಾಗಿ, ನಡುವಿನ ಕೆಮ್ಮು, ಮೌನ, ‘ಹಲೋ ಟೆಸ್ಟಿಂಗ್’ ಯಾವುದನ್ನೂ ಕತ್ತರಿಸದೆ ಉಳಿಯಲಿ. ‘ಆಕಾಶವಾಣಿ’ ಎಂದು ಕೇಳಿಸಿದ ಮಾತ್ರಕ್ಕೆ ಅದು 1950ರ ದಶಕದ ಈಚಿನದೆಂದು ಬರೆಯಬೇಡಿ, ಮೈಸೂರಿನ ಬಾನುಲಿಗೆ ಆ ಹೆಸರು 1930ರ ದಶಕದಲ್ಲೇ ಇತ್ತು.

ನನ್ನ ಮಟ್ಟಿಗೆ ಈ ಕೆಲಸದಲ್ಲಿ ಅತಿ ಮುಖ್ಯವಾದದ್ದು ಮೂರು ಬೇರೆ ಬೇರೆ ಕಾಲಂ: ವಸ್ತುವಿನ ಮೇಲೆ ಬರೆದಿರುವುದು (ತಪ್ಪಿದ್ದರೂ ಅಕ್ಷರಶಃ), ಬೇರೆಯವರು ಹೇಳಿದ್ದು (ಯಾರು, ಯಾವತ್ತು), ನಾವು ಊಹಿಸಿದ್ದು (ಯಾವ ಆಧಾರದಿಂದ). ಇವು ಒಂದೇ ಕಾಲಂನಲ್ಲಿ ಕಲೆತರೆ ಇವತ್ತಿನ ‘ಇರಬಹುದು’ ಮುಂದಿನ ಪಟ್ಟಿಯಲ್ಲಿ ‘ಇದೆ’ ಆಗುತ್ತದೆ, ಪುಸ್ತಕದಲ್ಲಿ ಅಚ್ಚಾದ ಮೇಲೆ ಹಿಂತೆಗೆಯಲು ಆಗದು. ಊರಿನ ಹಿರಿಯರಿಗೆ ತೋರಿಸುವಾಗಲೂ ‘ಇವರು ಪಟೇಲರಲ್ಲವೇ ಅಜ್ಜಾ?’ ಎಂದು ಕೇಳಬಾರದು. ‘ಹೌದು ಮಗಾ’ ಎಂಬ ಉತ್ತರವೇ ಬರುತ್ತದೆ. ಸುಮ್ಮನೆ ಕೈಗೆ ಕೊಡಿ. ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿ, ಇಬ್ಬರ ಮಾತನ್ನೂ ಬರೆದುಕೊಳ್ಳಿ.

ಪ್ರಕಟಿಸುವ ವಿಚಾರಕ್ಕೆ, ಹಕ್ಕುದಾರರು ಪತ್ತೆಯಾಗದ ಕೃತಿಗಳಿಗೆ ಕೃತಿಸ್ವಾಮ್ಯ ಕಾಯ್ದೆಯ 31ಎ ಕಲಮಿನಡಿ ಪರವಾನಗಿ ಕೇಳಬಹುದು, ಅದಕ್ಕೂ ಮೊದಲು ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಭೂತಕೋಲದ ಪಾಡ್ದನದಂಥ (ತುಳು ಕಥನಗೀತೆ) ಹಾಡುಗಳಿಗೆ ಕಾಯ್ದೆಯ ಅಡ್ಡಿ ಇಲ್ಲದಿದ್ದರೂ ಅದನ್ನು ಹಾಡುವ ಮನೆತನದವರನ್ನು ಕೇಳದೆ ಹೊರಗೆ ಬಿಡುವುದು ಸರಿಯಲ್ಲ.

ಇಡುವ ಜಾಗದ ಬಗ್ಗೆ ಒಂದೇ ಮಾತು: ಆಫೀಸಿನ ವೇಳೆಯಲ್ಲಿ ಮಾತ್ರ ಎಸಿ ಹಾಕಿ ಸಂಜೆ ಆರಿಸುವ ಕೋಣೆಗಿಂತ, ಎಸಿಯೇ ಇಲ್ಲದ, ಹೊರಗೋಡೆಗೆ ತಾಗದ ಒಣ ಕೋಣೆ ವಾಸಿ. ತೇವ ದಿನವೂ ಏರಿಳಿದರೆ ಫೋಟೊದ ಮೇಲ್ಪದರ ಹಿಗ್ಗಿ ಕುಗ್ಗಿ ಬಿರಿಯುತ್ತದೆ. ಹುಳಿ ವಿನೆಗರ್ ವಾಸನೆ ಬರುವ ಫಿಲ್ಮ್ ಇದ್ದರೆ ಅದನ್ನು ಉಳಿದವುಗಳಿಂದ ಇವತ್ತೇ ಬೇರೆ ಮಾಡಿ, ಪಕ್ಕದ್ದಕ್ಕೂ ಅದು ಹಬ್ಬುತ್ತದೆ.