ಮನೆ ಪತ್ರದಲ್ಲಿದ್ದ ಆ ಸಾಲು

ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ನಾವು ಮನೆ ಕೊಂಡು ಎರಡು ವರ್ಷವಾಗಿತ್ತು. ಅದರ ಹಳೇ ಕ್ರಯಪತ್ರದ ನಕಲು ಕೈಗೆ ಸಿಕ್ಕಿದ್ದು ಕಳೆದ ಚಳಿಗಾಲದ ಒಂದು ಶನಿವಾರ. 1926ರ ಪತ್ರ, ಟೈಪ್ ಅಕ್ಷರ, ಅಲ್ಲಲ್ಲಿ ಮಸಿ ಹರಡಿದೆ. ರಸ್ತೆಯಿಂದ ಎಷ್ಟು ಅಡಿ ಬಿಟ್ಟು ಕಟ್ಟಬೇಕು ಅನ್ನುವ ಷರತ್ತಿನ ಕೆಳಗೇ ಇನ್ನೊಂದು ಷರತ್ತು: ಈ ಸ್ವತ್ತನ್ನು ಚೀನೀ, ಜಪಾನೀ, ಟರ್ಕಿ, ಮಂಗೋಲ್, ನೀಗ್ರೋ ಅಥವಾ ಆಫ್ರಿಕನ್ ರಕ್ತದ ಯಾರಿಗೂ ಮಾರಕೂಡದು, ಬಾಡಿಗೆಗೂ ಕೊಡಕೂಡದು.

"ನಮ್ಮ ಹೆಸರಿಲ್ವಲ್ಲ" ಅಂದಳು ಹೆಂಡತಿ. ನಾನೂ ಮೊದಲು ಹುಡುಕಿದ್ದು ಅದನ್ನೇ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಂಥ ಷರತ್ತನ್ನು ಯಾವ ಕೋರ್ಟೂ ಜಾರಿ ಮಾಡುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1948ರಲ್ಲೇ ಹೇಳಿತ್ತು. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವಾರಕ್ಕೆ, ಮನೆ ಮಾರುವುದರಲ್ಲಿ ಬಣ್ಣ ನೋಡುವುದನ್ನೇ ನಿಷೇಧಿಸುವ ಕಾನೂನು ಬಂತು. ಹಾಗಾಗಿ ಇದು ಸತ್ತ ಕಾಗದ ಎಂದುಕೊಂಡೆ.

ಸೋಮವಾರ ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಕಪ್ಪು ಜನಾಂಗದ ಹೆಣ್ಣುಮಗಳು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕನ್ನಡಕ ಏರಿಸಿ, ಸಾಲಿನ ಮೇಲೆ ಉಗುರಿಟ್ಟು, ಒಂದೊಂದೇ ಪದ ಓದಿದರು. ಆಮೇಲೆ ತಂದೆಯ ಕಥೆ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಯೂರೋಪಿನಲ್ಲಿ ಸೇನೆಯ ಲಾರಿ ಓಡಿಸಿದವರು. ಯುದ್ಧ ಮುಗಿದ ಮೇಲೆ ಬಿಳಿ ಸೈನಿಕರು ಸರ್ಕಾರದ ಖಾತರಿಯ ಸಾಲದಲ್ಲಿ ಹೊಸ ಬಡಾವಣೆಗಳಲ್ಲಿ ಮನೆ ಮಾಡಿಕೊಂಡರು. ಇವರಿಗೆ ಬ್ಯಾಂಕು ಸಾಲ ಕೊಡಲಿಲ್ಲ. ಕೂಡಿಟ್ಟ ದುಡ್ಡಲ್ಲಿ ಪಕ್ಕದ ಊರು ಸೇಂಟ್ ಪಾಲ್‌ನ ರೊಂಡೊದಲ್ಲಿ ಒಂದು ಪುಟ್ಟ ಮನೆ ಕೊಂಡರು. ಕಪ್ಪು ಜನರ ಆ ಬಡಾವಣೆಯನ್ನು ಸೀಳಿಕೊಂಡೇ ಐ-94 ಹೆದ್ದಾರಿ ಹೋಯಿತು. ಮನೆಯೂ ಹೋಯಿತು. ಬಂದ ಪರಿಹಾರಕ್ಕೆ ಇನ್ನೊಂದು ಮನೆ ಬರಲಿಲ್ಲ.

"ನಾನು ದಿನಾ ಆಫೀಸಿಗೆ ಬರೋದು ಅಪ್ಪನ ಮನೆ ಮೇಲೇ" ಅಂದರು. ಅವರಿರುವುದು ಇವತ್ತಿಗೂ ಬಾಡಿಗೆ ಮನೆಯಲ್ಲಿ. ಮಗಳು ಕಾಲೇಜು ಸಾಲ ತೀರಿಸುತ್ತಿದ್ದಾಳೆ. ನಮಗೆ ಮನೆ ಮಾರಿದವನಿಗಾದರೋ ಅದು ಅಜ್ಜನಿಂದ ಬಂದದ್ದು.

ನಾವು ಮನೆ ಹುಡುಕುವಾಗ ನಮ್ಮವರೇ "ಆ ಕಡೆ ಬೇಡ, ಸ್ಕೂಲು ಸರಿಯಿಲ್ಲ" ಅಂದಿದ್ದರು. ಆ ಕಡೆ ಅಂದರೆ ಯಾರಿರುವ ಕಡೆ ಎಂದು ನನಗೆ ಗೊತ್ತಿತ್ತು. ತಲೆಯಾಡಿಸಿದ್ದೆ. ಬಂದು ಹತ್ತೇ ವರ್ಷಕ್ಕೆ ಇಲ್ಲಿಯವರ ಭಯ ನನ್ನದೂ ಆಗಿತ್ತು.

ಇಂಥ ಷರತ್ತನ್ನು ತಿರಸ್ಕರಿಸಿ ದಾಖಲೆ ಸಲ್ಲಿಸಲು ಮಿನೆಸೋಟದಲ್ಲಿ 2019ರಿಂದ ಅವಕಾಶವಿದೆ. ನಾವೂ ಸಲ್ಲಿಸಿದೆವು. ಹಳೇ ಸಾಲು ಅಳಿಸುವುದಿಲ್ಲ, ಅದರ ಜೊತೆಗೆ ನಮ್ಮ ಕಾಗದವೂ ಸೇರುತ್ತದೆ, ಅಷ್ಟೆ.

ಮೊನ್ನೆ ಮೈಸೂರಿನಿಂದ ಹೊಸದಾಗಿ ಬಂದ ಹುಡುಗ, "ಯಾವ ಏರಿಯಾ ಒಳ್ಳೇದು ಸರ್?" ಅಂತ ಕೇಳಿದ. ಉತ್ತರ ಹೇಳುವ ಮೊದಲು ಆ ಪತ್ರ ತಂದು ಅವನ ಕೈಗಿಟ್ಟೆ.