ಕಿಕ್‌ಬಾಕ್ಸಿಂಗ್: ಮೊದಲ ತರಗತಿಯ ಅನುಭವ

ಕಿಕ್‌ಬಾಕ್ಸಿಂಗ್ ತರಗತಿಗೆ ಮೊದಲ ಸಲ ಹೋದ ದಿನ ಅತ್ಯಂತ ತಾಳ್ಮೆ ಬೇಡಿದ ಕೆಲಸವೆಂದರೆ ಕೈಗೆ ಬಟ್ಟೆಯ ಪಟ್ಟಿ ಸುತ್ತಿಕೊಳ್ಳುವುದು. ಸುಮಾರು ನಾಲ್ಕೂವರೆ ಮೀಟರ್ ಉದ್ದದ ಆ ಪಟ್ಟಿಯ ಕುಣಿಕೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟನ್ನು ಬಳಸಿ, ಬೆರಳುಗಳ ಸಂದಿನಲ್ಲಿ ಹಾಯಿಸಿ, ಗೆಣ್ಣುಗಳ ಮೇಲೆ ಪದರ ಪದರವಾಗಿ ಕೂರಿಸಬೇಕು. ಮುಷ್ಟಿಯ ಸಣ್ಣ ಎಲುಬುಗಳು ಒಂದಕ್ಕೊಂದು ಆತುಕೊಂಡು ನಿಲ್ಲುವಂತೆ ಮಾಡುವುದು ಈ ಪಟ್ಟಿಯೇ ಎಂದು ತರಬೇತುದಾರರು ವಿವರಿಸಿದರು. ಬೆರಳು ಜೋಮು ಹಿಡಿಯುವಷ್ಟು ಬಿಗಿಯಾಗಿದ್ದ ನನ್ನ ಎಡಗೈಯ ಸುತ್ತನ್ನು ಅವರೇ ಬಿಚ್ಚಿ ಮತ್ತೆ ಕಟ್ಟಿದರು.

ಮುಂದಿನ ಕೈಯ ನೇರ ಗುದ್ದಾದ ಜ್ಯಾಬ್, ಹಿಂದಿನ ಕೈಯ ನೇರ ಗುದ್ದಾದ ಕ್ರಾಸ್ ಬೇಗನೆ ಅರ್ಥವಾದವು. ಹೊಡೆಯುವಾಗ ಉಸಿರು ಹೊರಗೆ ಬಿಡಬೇಕು, ಹೊಡೆದ ಕೈ ಕೆನ್ನೆಯ ಬಳಿಗೆ ತಕ್ಷಣ ಮರಳಬೇಕು. ಕಷ್ಟವಾದದ್ದು ಕಾಲನ್ನು ಪಕ್ಕದಿಂದ ಬೀಸಿ ಒದೆಯುವ ರೌಂಡ್‌ಹೌಸ್ ಕಿಕ್. ಒದೆಯುವ ಕಾಲಿನ ಮೇಲೆ ನಮ್ಮ ಗಮನವೆಲ್ಲ ಇರುವಾಗ ತರಬೇತುದಾರರು ನೋಡುತ್ತಿದ್ದದ್ದು ನೆಲದ ಮೇಲೆ ನಿಂತ ಪಾದವನ್ನು. ಆ ಪಾದ ಮುಂಗಾಲಿನ ಮೇಲೆ ತಿರುಗಿ ಹಿಮ್ಮಡಿ ಗುರಿಯತ್ತ ಬಂದಾಗಲೇ ಸೊಂಟ ತೆರೆದುಕೊಳ್ಳುತ್ತದೆ; ಪಾದ ನೆಲಕ್ಕೆ ಅಂಟಿಕೊಂಡರೆ ತಿರುವಿನ ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ತಾಗಬೇಕಾದದ್ದು ಕಾಲ್ಬೆರಳಲ್ಲ, ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬು. ಇಷ್ಟೂ ಒಟ್ಟಿಗೆ ಕೂಡಿಬಂದ ಒಂದು ಒದೆತಕ್ಕೆ ಅಭ್ಯಾಸದ ಬ್ಯಾಗ್‌ನಿಂದ ಬೇರೆಯೇ ಸದ್ದು ಹೊರಟಿತು; ಆ ಕ್ಷಣದ ಸಂತೋಷವನ್ನು ನಾನು ಮರೆಯಲಾರೆ.

ಆದರೂ ಅಂದಿನ ಕಲಿಕೆಯ ತಿರುಳು ನನಗೆ ಸಿಕ್ಕಿದ್ದು ಹೊಡೆಯುವಾಗ ಅಲ್ಲ, ಜೊತೆಗಾತಿಗಾಗಿ ಪ್ಯಾಡ್, ಅಂದರೆ ಏಟು ತಾಳುವ ಮೆತ್ತೆ, ಹಿಡಿದಾಗ. ಪ್ಯಾಡ್ ಹಿಡಿಯುವವರು ಸುಮ್ಮನೆ ಗುರಿಯಾಗಿ ನಿಲ್ಲುವವರು ಎಂದು ನೋಡುವವರಿಗೆ ಅನ್ನಿಸಬಹುದು. ನಿಜಕ್ಕೂ ಏಟು ಬರುವ ಗಳಿಗೆಯಲ್ಲಿ ಪ್ಯಾಡನ್ನು ತುಸು ಮುಂದೊತ್ತಿ ಅದನ್ನು ಎದುರುಗೊಳ್ಳಬೇಕು. ತೋಳು ಸಡಿಲವಾದರೆ ಪ್ಯಾಡ್ ಹಿಡಿದವರ ಮುಖಕ್ಕೇ ಬಡಿಯುತ್ತದೆ, ಹೊಡೆದವರ ಮೊಣಕೈಯೂ ಮಿತಿಮೀರಿ ಚಾಚಿಕೊಳ್ಳುತ್ತದೆ. ಒದೆತಕ್ಕಾದರೆ ಎರಡೂ ಪ್ಯಾಡ್‌ಗಳನ್ನು ಜೋಡಿಸಿ ಮೈಗೆ ಹತ್ತಿರ ಹಿಡಿದು, ಕಾಲೂರಿ ನಿಲ್ಲಬೇಕು. ನನಗಿಂತ ಮೊದಲೇ ಕಲಿಯಲು ಬಂದಿದ್ದ ಆಕೆ ಪ್ರತಿ ಸುತ್ತಿನ ಮೊದಲು, “ಇನ್ನು ಸ್ವಲ್ಪ ಜೋರಾಗಿ ಒದೆಯಬಹುದೇ?” ಎಂದು ಕೇಳುತ್ತಿದ್ದರು. ನಾನು ಹೂಂ ಎಂದ ಮೇಲಷ್ಟೇ ಬಲ ಏರುತ್ತಿತ್ತು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ಬಿಡುವು. ಅಷ್ಟರಲ್ಲಿ ಆಕೆಯ ಉಸಿರು ಎಲ್ಲಿ ಸೋಲುತ್ತದೆ, ಒದೆಯುವ ಮುನ್ನ ಯಾವ ಭುಜ ಇಳಿಯುತ್ತದೆ ಎಂಬುದು ನನಗೆ ಕಾಣತೊಡಗಿತು. ಹೊಸಬರಿಗೆ ಪ್ಯಾಡ್ ಹಿಡಿಯುವುದನ್ನು ಮೊದಲ ದಿನವೇ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೇಳಿ, ಅಳೆದು ಹೊಡೆಯುವ ಈ ಸಂಯಮ ಕ್ರೀಡೆಯ ನಿಯಮಗಳಲ್ಲಿಯೂ ಇದೆ. ಕರಾಟೆ ಮತ್ತು ಥಾಯ್ಲೆಂಡಿನ ಮುಯೆ ಥಾಯ್‌ಗಳ ಪ್ರಭಾವದಿಂದ 1960ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡ ಕಿಕ್‌ಬಾಕ್ಸಿಂಗ್‌ನ ಬಹುತೇಕ ಪ್ರಕಾರಗಳಲ್ಲಿ ಇಂದು ಮೊಣಕೈ ಏಟಿಗೆ ಅವಕಾಶವಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ಪಡೆದ ವಾಕೋ ಎಂಬ ಕಿಕ್‌ಬಾಕ್ಸಿಂಗ್‌ನ ಅಂತರರಾಷ್ಟ್ರೀಯ ಸಂಸ್ಥೆಯ ಲೈಟ್ ಕಾಂಟ್ಯಾಕ್ಟ್ (ಹಗುರ ಏಟಿನ) ವಿಭಾಗದಲ್ಲಂತೂ ಅತಿಯಾದ ಬಲ ಬಳಸಿದವರಿಗೆ ದಂಡನೆಯಿದೆ. ಏಟಿನ ಬಲವನ್ನು ಅಳೆದು ಕೊಡುವ ಈ ಶಿಸ್ತೇ ನನ್ನನ್ನು ಹೆಚ್ಚು ಸೆಳೆಯಿತು.

ತರಗತಿ ಮುಗಿದ ಮೇಲೆ ಸ್ಪಾರಿಂಗ್, ಅಂದರೆ ಎದುರಾಳಿಯೊಂದಿಗೆ ಅಭ್ಯಾಸದ ಸೆಣಸು, ಯಾವಾಗ ಎಂದು ತರಬೇತುದಾರರನ್ನು ಕೇಳಿದೆ. ಮುಖ ಕಾಯುವ ಕೈಗಳ ಗಾರ್ಡ್ ತಾನಾಗಿ ಮೇಲೆ ನಿಲ್ಲುವವರೆಗೆ, ಎದುರಾಳಿಯಿಂದ ಇರಬೇಕಾದ ಅಂತರ ಕಣ್ಣಿಗೆ ಅಭ್ಯಾಸವಾಗುವವರೆಗೆ ಇಲ್ಲವೆಂದು ಅವರು ಹೇಳಿದರು. ಮರುದಿನ ಭುಜಕ್ಕಿಂತ ಸೊಂಟದ ಪಕ್ಕೆಗಳೂ ಮೀನಖಂಡಗಳೂ ಹೆಚ್ಚು ನೋಯುತ್ತಿದ್ದವು. ಮುಂದಿನ ತರಗತಿಗಳಿಗೂ ನಾನು ಹೆಸರು ಬರೆಸಿದ್ದೇನೆ.